ಇಮಾಮ್ ಸಾಬರು ಹೊತ್ತ ನೀರು

ಶ್ರೀರಂಗಪಟ್ಟಣದಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಇಮಾಮ್ ಸಾಬರ ಮನೆ. ಅವರಷ್ಟು ಪುಕ್ಕಲು ಮನುಷ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದು ಬೆನ್ನ ಹಿಂದೆ ಆಡುವ ಮಾತಲ್ಲ, ಅವರೇ ಒಪ್ಪಿಕೊಂಡದ್ದು. ನಾಯಿ ಎದುರಾದರೆ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದರು. ಹೊಳೆಯಲ್ಲಿ ನೀರು ಏರಿದೆ ಎಂದರೆ ಸೇತುವೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ. ಎದುರಿಗೆ ಬರುವ ಕಬ್ಬಿನ ಲಾರಿಯಿಂದ ಜಲ್ಲೆಯೊಂದು ನುಗ್ಗಿ ಕಣ್ಣಿಗೆ ಚುಚ್ಚೀತೆಂದು ಅವರ ದಿಗಿಲು.

ಇಂಥವರು ದಿನವಿಡೀ ಮಾಡುತ್ತಿದ್ದ ಕೆಲಸ ಮಾತ್ರ ಬೆಂಕಿಯೆದುರು. ಮೈಸೂರಿನ ಒಂದು ವಿಜ್ಞಾನ ಸಂಸ್ಥೆಯಲ್ಲಿ ಅವರು ಗಾಜು ಊದುವವರು. ಬುಸುಗುಡುವ ಉರಿಗೆ ಗಾಜಿನ ಕೊಳವೆ ಹಿಡಿದು, ಅದು ಬೆಲ್ಲದ ಪಾಕದಂತೆ ಮೆತ್ತಗಾದಾಗ ಬಾಯಿಂದ ಊದಿ, ತಿರುಗಿಸಿ, ಬೇಕಾದ ಆಕಾರಕ್ಕೆ ತರುವ ಕೆಲಸ. ತಂದೆ ಪೇಟೆಯಲ್ಲಿ ದೇವರ ಪಟ, ಮದುವೆ ಪಟಗಳಿಗೆ ಗಾಜು ಕತ್ತರಿಸಿ ಕಟ್ಟು ಹಾಕುತ್ತಿದ್ದವರು. ಮಗ ಗಾಜನ್ನು ಬಿಡಲಿಲ್ಲ, ಊದುವುದನ್ನು ಕಲಿತ, ಅಷ್ಟೇ. ಕೆ.ಆರ್. ಪೇಟೆಯ ಕಡೆಯಿಂದ ಬಂದ ಅವರ ಹೆಂಡತಿ ಫಕ್ರುನ್ನೀಸಾ ಆಗಾಗ ಹೇಳುತ್ತಿದ್ದುದುಂಟು: ಇರುವ ಧೈರ್ಯವನ್ನೆಲ್ಲ ಇವರು ಮೈಸೂರಿನಲ್ಲೇ ಖರ್ಚು ಮಾಡಿ ಬರುತ್ತಾರೆ, ಮನೆಗೆಂದು ಒಂದು ಚೂರೂ ಉಳಿಸುವುದಿಲ್ಲ.

ಆ ಸಂಸ್ಥೆಯಲ್ಲಿ ಇಮಾಮ್ ಸಾಬರಿಗೆ ಹೆಚ್ಚಿನ ಕೆಲಸ ಹೇಳುತ್ತಿದ್ದವರು ಜಯಲಕ್ಷ್ಮಮ್ಮ. ನಾಗಮಂಗಲದ ಕಡೆಯ ಒಕ್ಕಲು ಮನೆತನದ ಹೆಣ್ಣುಮಗಳು, ಓದಿ ಭೌತಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದವರು. ಅವರ ಕೆಲಸ ಉಷ್ಣತೆಯನ್ನು ಅಳೆಯುವುದು. ಜ್ವರ ನೋಡುವಂಥ ಅಳತೆಯಲ್ಲ. ಒಂದು ಡಿಗ್ರಿಯನ್ನು ಸಾವಿರಾರು ಪಾಲು ಮಾಡಿ, ಅದರಲ್ಲಿ ಒಂದು ಪಾಲು ಹೆಚ್ಚೋ ಕಡಿಮೆಯೋ ಎಂದು ನೋಡುವ ಅಳತೆ. ಅಷ್ಟು ಸೂಕ್ಷ್ಮಕ್ಕೆ ಇಳಿಯಬೇಕಾದರೆ ಎಲ್ಲ ದೇಶದವರೂ ಒಪ್ಪುವ, ಕದಲದ ಗುರುತೊಂದು ಬೇಕು. ಆ ಗುರುತನ್ನು ಲೋಕದ ವಿಜ್ಞಾನಿಗಳು ನೀರಿನಲ್ಲಿ ಇಟ್ಟಿದ್ದರು. ಗಾಳಿಯನ್ನೆಲ್ಲ ತೆಗೆದ ಗಾಜಿನ ಪಾತ್ರೆಯಲ್ಲಿ ಶುದ್ಧವಾದ ನೀರನ್ನು ಮುಚ್ಚಿ ತಂಪು ಮಾಡುತ್ತ ಹೋದರೆ, ಒಂದು ಹಂತದಲ್ಲಿ ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ನಿಲ್ಲುತ್ತವೆ. ಮೂರೂ ಇರುವವರೆಗೆ ಅಲ್ಲಿನ ಉಷ್ಣತೆ ಅಲುಗುವುದಿಲ್ಲ. ಉಷ್ಣತೆಯ ಮಾನವನ್ನು ಲೆಕ್ಕ ಹಾಕುವುದೇ ಅದರಿಂದ.

ಅಂಥ ಪಾತ್ರೆಗೆ ಅಲ್ಲಿನವರು ಸೆಲ್ಲು ಎನ್ನುತ್ತಿದ್ದರು. ಮೊಳದುದ್ದದ, ದಪ್ಪ ಸೀಸೆಯಂಥ ಗಾಜು. ನಡುವೆ ಥರ್ಮಾಮೀಟರು ಇಳಿಬಿಡಲು ಇನ್ನೊಂದು ಕೊಳವೆ. ಇಮಾಮ್ ಸಾಬರು ಅದನ್ನು ಊದಿ, ತೊಳೆದು, ಮತ್ತೆ ಮತ್ತೆ ಬಟ್ಟಿ ಇಳಿಸಿದ ನೀರು ತುಂಬಿ, ಗಾಳಿ ಎಳೆಸಿ, ಕೊನೆಗೆ ಬಾಲದಂಥ ತುದಿಯನ್ನು ಉರಿಯಲ್ಲಿ ಕರಗಿಸಿ ಮುಚ್ಚುತ್ತಿದ್ದರು. ಮುಚ್ಚಿದ ಮೇಲೆ ಮೆಲ್ಲಗೆ ಓರೆ ಮಾಡುವರು. ಒಳಗೆ ಗಾಳಿ ಇಲ್ಲದಿದ್ದರೆ ನೀರು ಗಾಜಿಗೆ ಕಲ್ಲಿನಂತೆ ಬಡಿದು ಟಕ್ ಎನ್ನುತ್ತದೆ. ಗಾಳಿ ಉಳಿದಿದ್ದರೆ ಬರೀ ಕುಲುಕಾಟ. ಟಕ್ ಎಂದರೆ ಸೆಲ್ಲು ಸರಿಯಾಯಿತು ಎಂದರ್ಥ.

ತೊಂಬತ್ತನೆಯ ಇಸವಿಯಲ್ಲಿ ಉಷ್ಣತೆಯ ಅಳತೆಯ ಕ್ರಮವನ್ನು ಇಡೀ ಲೋಕಕ್ಕೆ ಹೊಸದಾಗಿ ತಿದ್ದಿದರು. ಹೊಸ ಲೆಕ್ಕದಂತೆ ನೀರು ಕುದಿಯುವುದು ಸರಿಯಾಗಿ ನೂರು ಡಿಗ್ರಿಗಲ್ಲ, ಕೂದಲೆಳೆಯಷ್ಟು ಕಡಿಮೆಗೆ. ಇಮಾಮ್ ಸಾಬರು ಅದನ್ನು ಮನೆಯಲ್ಲಿ ಹೇಳಿದಾಗ ಫಕ್ರುನ್ನೀಸಾ, ನಮ್ಮ ಅನ್ನದ ಪಾತ್ರೆಗೆ ಯಾರೂ ಹೇಳಿ ಕಳಿಸಿಲ್ಲ ಎಂದರಂತೆ. ಆದರೆ ಸಂಸ್ಥೆಯಲ್ಲಿ ಕೆಲಸ ಹೆಚ್ಚಿತು. ಹಳೆಯ ಥರ್ಮಾಮೀಟರುಗಳನ್ನೆಲ್ಲ ಮತ್ತೆ ಒರೆಗೆ ಹಚ್ಚಬೇಕಿತ್ತು. ಜಯಲಕ್ಷ್ಮಮ್ಮನವರ ತಲೆಯಲ್ಲಿ ಇನ್ನೂ ಒಂದು ಪ್ರಶ್ನೆ ಇತ್ತು. ಎಷ್ಟೇ ಶುದ್ಧ ಮಾಡಿದರೂ ಒಂದು ಸೀಮೆಯ ನೀರಿಗೂ ಇನ್ನೊಂದು ಸೀಮೆಯ ನೀರಿಗೂ ತೂಕದಲ್ಲಿ ಅಣುವಿನಷ್ಟು ವ್ಯತ್ಯಾಸ ಇರುತ್ತದೆ. ಹಾಗಿದ್ದರೆ ಕಾವೇರಿಯ ನೀರಿನ ಗುರುತೂ ಬೇರೆ ದೇಶದ ನೀರಿನ ಗುರುತೂ ಒಂದೇ ಹೇಗಾಗುತ್ತದೆ? ಕಾವೇರಿಯ ನೀರಿನದೇ ಒಂದು ಸೆಲ್ಲು ಮಾಡಿ, ದೆಹಲಿಗೆ ಕಳಿಸಿ, ಅಲ್ಲಿರುವ ಹೊರದೇಶದ ಸೆಲ್ಲುಗಳ ಪಕ್ಕ ಇಟ್ಟು ನೋಡಬೇಕು ಎನ್ನುವುದು ಅವರ ಆಸೆ.

ಆ ನೀರಿನ ಮೊದಲ ಸೆಲ್ಲು ಇಮಾಮ್ ಸಾಬರ ಎದುರೇ ಸಿಡಿಯಿತು. ತಂಪು ಮಾಡುವಾಗ ಮೇಲುಗಡೆ ಮಂಜು ಕೆನೆಗಟ್ಟಿ ಅಡ್ಡ ಹಾಕಿತ್ತು. ಕೆಳಗಿನ ನೀರು ಹೆಪ್ಪುಗಟ್ಟುತ್ತ ಹಿಗ್ಗಿತು; ಹೋಗಲು ಜಾಗವಿಲ್ಲ. ಕೆನೆಯನ್ನು ಕೈ ಶಾಖದಿಂದ ಕರಗಿಸೋಣವೆಂದು ಅವರು ಬಗ್ಗಿದ್ದರು. ಸದ್ದು ಕೇಳಿದ್ದು ನೆನಪಿಲ್ಲ, ಕೆನ್ನೆ ಬಿಸಿಯಾದದ್ದು ಮಾತ್ರ ನೆನಪು ಎನ್ನುತ್ತಿದ್ದರು. ಕಿವಿಯ ಕೆಳಗೆ ಬೆರಳುದ್ದ ಹರಿದಿತ್ತು. ಇನ್ನೊಂದು ಚೂರು ಗೋಡೆಯ ಗಾರೆಯಲ್ಲಿ ನಾಟಿತ್ತು. ಅಂದಿನಿಂದ, ಅಲ್ಲಿಯವರೆಗೆ ಬೀದಿಯಲ್ಲಷ್ಟೇ ಇದ್ದ ಹೆದರಿಕೆ ಅವರ ಕೆಲಸದ ಕೋಣೆಗೂ ಬಂತು. ಎರಡನೆಯ ಸೆಲ್ಲನ್ನು ಮುಚ್ಚುವ ದಿನ ಉಪವಾಸ ಮಾಡಿದ್ದರು. ಅದು ಟಕ್ ಎಂದಾಗ ಜಯಲಕ್ಷ್ಮಮ್ಮ ಕೈ ತಟ್ಟಿದರು. ಇಮಾಮ್ ಸಾಬರು ಅದನ್ನು ಮರದ ಪೆಟ್ಟಿಗೆಯ ಹತ್ತಿಯಲ್ಲಿ ಮಲಗಿಸಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಅದು ತೊಂಬತ್ತೊಂದರ ಡಿಸೆಂಬರು. ಜಯಲಕ್ಷ್ಮಮ್ಮ ಒಂದು ಸಭೆಗೆಂದು ಬೆಂಗಳೂರಿಗೆ ಹೋಗಿದ್ದರು. ಅಲ್ಲಿಂದ ಸಂಸ್ಥೆಗೆ ಫೋನು ಮಾಡಿದರು. ದೆಹಲಿಯ ಪ್ರಯೋಗಾಲಯದವರೊಬ್ಬರು ಸಭೆಗೆ ಬಂದಿದ್ದಾರೆ, ನಾಳೆ ಸಂಜೆಯ ರೈಲಿಗೆ ಹೊರಡುತ್ತಾರೆ, ಸೆಲ್ಲನ್ನು ಕೈಯಲ್ಲೇ ಒಯ್ಯಲು ಒಪ್ಪಿದ್ದಾರೆ. ಇಂಥ ಅವಕಾಶ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಯಾರಾದರೂ ತಂದುಕೊಡಬಹುದೇ ಎಂದು ಕೇಳಿದರು.

ಕಾವೇರಿ ನೀರಿನ ಗಲಾಟೆ ಆಗ ಕಾವೇರುತ್ತಿತ್ತು. ಮಂಡ್ಯದ ಬಳಿ ರಸ್ತೆ ತಡೆ, ಅಲ್ಲಲ್ಲಿ ಟೈರು ಸುಡುವುದು ನಡೆದಿತ್ತು. ಸಂಸ್ಥೆಯ ಜೀಪಿನ ಚಾಲಕ ಬರುವುದಿಲ್ಲ ಎಂದ. ಕಚೇರಿಯವರು, ಗೊತ್ತಿರುವ ಲಾರಿಯೊಂದು ಹೋಗುತ್ತದೆ, ಅದರಲ್ಲಿ ಹಾಕಿ ಕಳಿಸೋಣ ಎಂದರು. ಇಮಾಮ್ ಸಾಬರು ಫೋನಿನಲ್ಲಿ ಜಯಲಕ್ಷ್ಮಮ್ಮನವರಿಗೆ ತಮ್ಮಿಂದ ಆಗುವುದಿಲ್ಲ ಎಂದೇ ಹೇಳಿದರಂತೆ. ಆಕೆ ಬಲವಂತ ಮಾಡಲಿಲ್ಲ. ಭಯವಾದರೆ ಬೇಡ ಇಮಾಮ್, ಬಿಡಿ ಎಂದರು. ಫೋನಿಟ್ಟು ಬರುವಾಗ ಕಚೇರಿಯ ಬಾಗಿಲಲ್ಲಿ ಯಾರೋ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ತೂಕ ನೋಡುತ್ತಿದ್ದರು. ಇವರು ಪೆಟ್ಟಿಗೆಯನ್ನು ಕಿತ್ತುಕೊಂಡು, ನಾಳೆ ನಾನೇ ತರುತ್ತೇನೆಂದು ಮೇಡಂಗೆ ತಿಳಿಸಿಬಿಡಿ ಎಂದು ಹೇಳಿ, ಸೀದಾ ಬಸ್ಸು ಹತ್ತಿ ಮನೆಗೆ ಬಂದರು.

ಬೆಳಗ್ಗೆ ಫಕ್ರುನ್ನೀಸಾ ಪೆಟ್ಟಿಗೆಯ ಸುತ್ತ ಹಳೆಯ ಕೌದಿ ಸುತ್ತಿ ಹಗ್ಗ ಕಟ್ಟಿಕೊಟ್ಟರು. ಹೋಗಬೇಡಿ ಎನ್ನಲಿಲ್ಲ. "ಸಂಭಾಲ್ಕೆ ಜಾವ್", ಹುಷಾರಾಗಿ ಹೋಗಿ, ಎಂದಷ್ಟೇ ಹೇಳಿ, ಬೀದಿಯ ತಿರುವಿನವರೆಗೂ ಹಿಂದೆಯೇ ಬಂದರು. ಬಸ್ ನಿಲ್ದಾಣದಲ್ಲಿ, ಮಂಡ್ಯದ ದಾರಿ ಪೂರಾ ಬಂದ್ ಎಂದು ಗೊತ್ತಾಯಿತು. ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗಿ ಅಲ್ಲಿಂದ ಬೆಂಗಳೂರಿನ ಬಸ್ಸು ಹಿಡಿಯಿರಿ, ಆ ಕಡೆ ಗಲಾಟೆ ಇಲ್ಲ ಎಂದು ಯಾರೋ ಹೇಳಿದರು. ನಾಗಮಂಗಲದ ಖಾಸಗಿ ಬಸ್ಸೊಂದು ಹೊರಡಲು ನಿಂತಿತ್ತು.

ಇಮಾಮ್ ಸಾಬರು ಮಧ್ಯದ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಎರಡು ಕೈಯಲ್ಲೂ ತಬ್ಬಿ ಕೂತರು. ಕಿಟಕಿಯ ಪಕ್ಕ ಒಬ್ಬ ಮುದುಕಿ ಇದ್ದಳು. ಹೆಸರು ಸಿದ್ದಲಿಂಗಮ್ಮ, ಅರಕೆರೆಯವಳು. ನಾಗಮಂಗಲದಲ್ಲಿ ಮಗಳು ಹೆತ್ತಿದ್ದಾಳೆ, ಬಾಣಂತನಕ್ಕೆ ಹೋಗುತ್ತಿದ್ದೇನೆ ಎಂದು ಅವಳೇ ಹೇಳಿಕೊಂಡಳು. ಪಾಂಡವಪುರದವರೆಗೆ ರಸ್ತೆ ಚೆನ್ನಾಗಿತ್ತು. ಜಕ್ಕನಹಳ್ಳಿ ದಾಟಿದ ಮೇಲೆ ಹಳ್ಳಕೊಳ್ಳ ಶುರುವಾಯಿತು. ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದಾಗ ಪೆಟ್ಟಿಗೆಯೊಳಗಿಂದ ಟಕ್ ಎಂದಿತು.

ಸಿದ್ದಲಿಂಗಮ್ಮ ತಿರುಗಿ ನೋಡಿದಳು. ಇನ್ನೊಂದು ಹಳ್ಳ ಬಂತು. ಮತ್ತೆ ಟಕ್.

ಆ ವರ್ಷ ಜನ ಹೇಗಿದ್ದರೆಂದು ಇಲ್ಲಿ ಹೇಳಬೇಕು. ಮೇ ತಿಂಗಳಲ್ಲಿ ಪಕ್ಕದ ರಾಜ್ಯದಲ್ಲಿ ಬಾಂಬು ಸಿಡಿದು ದೇಶಕ್ಕೆ ದೇಶವೇ ತತ್ತರಿಸಿತ್ತು. ಆಮೇಲೆ ಅದಕ್ಕೆ ಸಂಬಂಧಪಟ್ಟವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಅಡಗಿದ್ದರೆಂದು ಗೊತ್ತಾದಾಗ, ಗುರುತಿಲ್ಲದವರಿಗೆ ಬಾಡಿಗೆ ಮನೆ ಸಿಗುವುದು ನಿಂತುಹೋಯಿತು. ಬಸ್ಸಿನಲ್ಲಿ ಯಾರೋ ಮರೆತ ಊಟದ ಡಬ್ಬಿಯನ್ನು ಕಂಡು ಜನ ಕೆಳಗೆ ಹಾರಿಕೊಂಡ ಸುದ್ದಿಗಳನ್ನು ನಾವೆಲ್ಲ ಕೇಳಿದ್ದೆವು. ಸಿದ್ದಲಿಂಗಮ್ಮನೂ ಕೇಳಿದ್ದಳು.

"ಏನಪ್ಪಾ ಅದು, ಒಳಗೆ ಟಕ್ ಟಕ್ ಅಂತದೆ?" ಎಂದಳು.

ಇಮಾಮ್ ಸಾಬರು ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ನೀರು ಎಂದರು. ನೀರು ಯಾಕೆ ಟಕ್ ಎನ್ನುತ್ತದೆ ಎಂದು ಅವಳು ಕೇಳಿದ್ದು ಸಹಜವೇ. ಇವರು ಹೇಳಲು ಹೊರಟಷ್ಟರಲ್ಲಿ ಮತ್ತೊಮ್ಮೆ ಬಸ್ಸು ಕುಲುಕಿತು, ಈ ಸಲ ಮುಂದಿನ ಸೀಟಿನವರಿಗೂ ಕೇಳಿಸಿತು. ಕಂಡಕ್ಟರ್ ತಿಮ್ಮರಾಜು ಹತ್ತಿರ ಬಂದ. ಗಟ್ಟಿಮುಟ್ಟಾದ ಆಳು, ಒಳ್ಳೆಯ ಮಾತಿನವನೇ.

"ಏನ್ ಸಾಬ್ರೇ ಅದು? ಬಿಚ್ಚಿ ತೋರ್ಸಿ ವಸಿ."

"ಬಸ್ ಓಡೋವಾಗ ಬಿಚ್ಚಕಾಗಲ್ಲ ಕಣಪ್ಪ. ಒಡೆದೋಯ್ತದೆ. ಅದು ಸೆಲ್ಲು" ಎಂದರು ಇಮಾಮ್ ಸಾಬರು.

ಹತ್ತಾರು ವರ್ಷ ಪ್ರಯೋಗಾಲಯದಲ್ಲಿ ಆಡಿದ ಮಾತು ಬಾಯಿಗೆ ಹಾಗೇ ಬಂದಿತ್ತು. ಬಸ್ಸಿನಲ್ಲಿ ಕೂತವರಿಗೆ ಸೆಲ್ಲು ಎಂದರೆ ಬ್ಯಾಟರಿ. ಪೆಟ್ಟಿಗೆಯಲ್ಲಿ ಬ್ಯಾಟರಿ ಇದೆ, ಟಕ್ ಎನ್ನುತ್ತಿದೆ, ಬಿಚ್ಚಿದರೆ ಒಡೆಯುತ್ತದಂತೆ. ಹಿಂದಿನಿಂದ ಯಾರೋ ಬಾಂಬು ಎಂದರು. ಕೂಗಲಿಲ್ಲ, ಸಣ್ಣ ದನಿಯಲ್ಲೇ ಎಂದರು. ಅಷ್ಟು ಸಾಕಾಯಿತು. ಬಸ್ಸು ನಿಲ್ಲುವ ಮೊದಲೇ ಜನ ಎರಡೂ ಬಾಗಿಲಿಗೆ ನುಗ್ಗಿದರು. ಹೆಂಗಸೊಬ್ಬಳು ಮಗುವನ್ನು ಕಿಟಕಿಯಿಂದ ಹೊರಗಿನವರ ಕೈಗೆ ಇಳಿಸಿದಳು. ಸಿದ್ದಲಿಂಗಮ್ಮ ಇಮಾಮ್ ಸಾಬರ ಮಂಡಿ ದಾಟಲಾರದೆ, ದಾಟಿದರೆ ಪೆಟ್ಟಿಗೆಗೆ ತಾಗೀತೆಂದು ಅಲ್ಲೇ ಕಿಟಕಿಗೆ ಅಂಟಿಕೊಂಡಿದ್ದಳು. ಇವರೇ ಎದ್ದು ಹಿಂದಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಅವಳ ಗಂಟು ಸೀಟಿನ ಮೇಲೆ ಉಳಿಯಿತು.

ಖಾಲಿ ಬಸ್ಸಿನಲ್ಲಿ ಇಮಾಮ್ ಸಾಬರೊಬ್ಬರೇ. ಹೊರಗೆ ದೂರದಲ್ಲಿ ಜನ. ಪೆಟ್ಟಿಗೆ ಅಲ್ಲೇ ಬಿಟ್ಟು ಇಳಿ ಎಂದು ಒಬ್ಬ, ಅದನ್ನೂ ತೆಗೆದುಕೊಂಡು ಇಳಿ, ಬಸ್ಸು ಉಳಿಯಲಿ ಎಂದು ಇನ್ನೊಬ್ಬ. ಚಾಲಕ ಕೈ ಮುಗಿದು, ನನ್ನ ಅನ್ನ ಕಣಯ್ಯಾ ಈ ಬಸ್ಸು ಎಂದ. ಇವರು ಪೆಟ್ಟಿಗೆ ತಬ್ಬಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ರಸ್ತೆಯ ಪಕ್ಕ ರಾಗಿ ಕುಯ್ದು ಕೂಳೆ ನಿಂತ ಹೊಲ. ಜನ ಹಿಂದೆ ಸರಿಯುತ್ತಿದ್ದಂತೆ ಇವರು ಆ ಹೊಲದ ನಡುವೆ ಹೋಗಿ ನಿಂತರು. ಅಷ್ಟರಲ್ಲಿ ಪಕ್ಕದ ಕಣದಲ್ಲಿ ರಾಗಿ ಬಡಿಯುತ್ತಿದ್ದವರೂ ಓಡಿಬಂದಿದ್ದರು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು.

ಗುಂಪಿನವರು ಹೆಸರು ಕೇಳಿದರು. ಹೇಳಿದರು. ಹೆಸರು ಹೇಳಿದ ಮೇಲೆ ಗುಂಪಿನಲ್ಲಿ ಆದ ಗುಜುಗುಜು ತಮಗೆ ಚೆನ್ನಾಗಿ ಕೇಳಿಸಿತು ಎಂದಷ್ಟೇ ಅವರು ನನಗೆ ಹೇಳಿದ್ದಾರೆ. ಏನು ಕೇಳಿಸಿತೆಂದು ಹೇಳಿಲ್ಲ. ಎಲ್ಲಿಗೆ ಹೋಗುತ್ತಿದ್ದೀಯ ಎಂದರು. ಬೆಂಗಳೂರಿಗೆ, ಅಲ್ಲಿಂದ ಇದು ದೆಹಲಿಗೆ ಎಂದರು. ದೆಹಲಿ ಎಂಬ ಮಾತು ಇನ್ನಷ್ಟು ಕೆಡಿಸಿತು. ನೀರಿನಿಂದ ಉಷ್ಣತೆಯ ಮಾನ ಅಳೆಯುತ್ತಾರೆ ಎಂದು ವಿವರಿಸಲು ಹೋದರು. ಮೊದಲ ಕಲ್ಲು ಕಾಲ ಬಳಿ ಬಿತ್ತು. ಎರಡನೆಯದು ಹೆಗಲಿಗೆ ತಾಗಿತು. ತಿಮ್ಮರಾಜು, ಕಲ್ಲು ಹೊಡೀಬೇಡ್ರಲಾ, ಸಿಡಿದ್ರೆ ಎಲ್ಲ ಓಯ್ತೀವಿ ಎಂದು ತಡೆದ. ಅವನು ತಡೆದದ್ದು ಬಾಂಬಿಗೆ ಹೆದರಿ. ಆದರೂ ಆ ಮಾತಿನಿಂದಲೇ ತಾನು ಉಳಿದೆ ಎಂದು ಇಮಾಮ್ ಸಾಬರು ಅವನನ್ನು ನೆನೆಯುತ್ತಾರೆ.

ಇವರು ನೆಲಕ್ಕೆ ಕುಸಿದು ಕೂತು ಪೆಟ್ಟಿಗೆಯ ಮೇಲೆ ಬೋರಲಾದರು. ಪೊಲೀಸರಿಗೆ ಹೇಳಲು ಯಾರೋ ಮೋಟರ್ ಬೈಕಿನಲ್ಲಿ ಹೋಗಿದ್ದರು. ಅವರು ಬರುವವರೆಗೆ ಹೊಲದ ನಡುವೆ ಒಬ್ಬ ಮನುಷ್ಯ, ಸುತ್ತ ದೂರದಲ್ಲಿ ಬದುವಿನ ಮೇಲೆ ಜನ. ಬಿಸಿಲು ಏರುತ್ತಿತ್ತು. ಬೆನ್ನಿಗೆ ಮೂರನೆಯ ಕಲ್ಲು ಯಾವಾಗ ಬೀಳುತ್ತದೋ ಎಂದು ಕಾಯುವುದೇ ಕೆಲಸ. ತೋಳಿನ ಸಂದಿಯಿಂದ ಕಾಣುತ್ತಿದ್ದುದು ಕೂಳೆಯ ಬುಡದಲ್ಲಿ ಹರಿದಾಡುವ ಇರುವೆ ಮಾತ್ರ. ನಮಾಜಿನ ಮಾತುಗಳನ್ನು ನೆನೆಸಿಕೊಳ್ಳಲು ನೋಡಿದರು. ಚಿಕ್ಕಂದಿನಿಂದ ಬಾಯಿಗೆ ಬಂದ ಮಾತುಗಳು, ಒಂದೂ ನೆನಪಾಗಲಿಲ್ಲ. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಮತ್ತೊಂದಿಲ್ಲ ಎಂದರು ನನ್ನೊಡನೆ.

ಪೊಲೀಸ್ ಜೀಪು ರಸ್ತೆಯಲ್ಲಿ ಬಹಳ ಹಿಂದೆಯೇ ನಿಂತಿತು. ಸಬ್ ಇನ್‌ಸ್ಪೆಕ್ಟರು ಚಿಕ್ಕ ವಯಸ್ಸಿನವರು. ಜೀಪಿನ ಮರೆಯಿಂದಲೇ, ಪೆಟ್ಟಿಗೆ ಅಲ್ಲೇ ಇಟ್ಟು ಕೈ ಮೇಲೆತ್ತಿ ನಡೆದು ಬಾ ಎಂದು ಕೂಗಿ ಹೇಳಿದರು. ಇಮಾಮ್ ಸಾಬರು ಏಳಲಿಲ್ಲ. ಮತ್ತೆ ಹೇಳಿದರು. ಏಳಲಿಲ್ಲ. ದೂರದಿಂದಲೇ ಪೆಟ್ಟಿಗೆಗೆ ಗುಂಡು ಹೊಡೆದು ನೋಡೋಣ ಸಾರ್ ಎಂದು ಒಬ್ಬ ಪೇದೆ ಹೇಳಿದ್ದು ಇವರಿಗೆ ಕೇಳಿಸಿತು.

"ಒಡೆಯೋದಾದ್ರೆ ನನ್ನ ಸೇರ್ಸೇ ಒಡೀರಿ ಸಾರ್. ನಾನು ಏಳಾಕಿಲ್ಲ" ಎಂದರು.

ಊರಿನಲ್ಲಿ ಈ ಮಾತನ್ನು ಆಮೇಲೆ ದೊಡ್ಡದು ಮಾಡಿ ಹೇಳಿದವರುಂಟು. ಇಮಾಮ್ ಸಾಬರಿಗೆ ಅದು ಇಷ್ಟವಿಲ್ಲ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ, ಕಾಲಲ್ಲಿ ಜೀವವೇ ಇರಲಿಲ್ಲ, ಏಳೋಣವೆಂದರೂ ಆಗುತ್ತಿರಲಿಲ್ಲ ಎನ್ನುತ್ತಾರೆ. ಪಾಯಜಾಮ ಒದ್ದೆಯಾಗಿತ್ತಂತೆ. ಅದನ್ನೂ ಅವರೇ ಹೇಳಿದ್ದು.

ಕೊನೆಗೆ ಸಬ್ ಇನ್‌ಸ್ಪೆಕ್ಟರು ಒಬ್ಬರೇ ಹೊಲಕ್ಕೆ ಇಳಿದು ನಡೆದುಬಂದರು. ಕೂಳೆ ಬೂಟಿಗೆ ಸಿಕ್ಕಿ ಚರಚರ ಎನ್ನುತ್ತಿತ್ತು. ಹತ್ತಿರ ಬಂದಾಗ ಅವರ ಮುಖದಿಂದ ಬೆವರು ಇಳಿಯುತ್ತಿದ್ದುದನ್ನು ಇಮಾಮ್ ಸಾಬರು ಕಂಡರು.

"ಬಿಚ್ಚು" ಎಂದರು ಅವರು.

ಗಂಟು ಬಿಚ್ಚಲು ಬೆರಳು ಬಗ್ಗಲಿಲ್ಲ. ಸಬ್ ಇನ್‌ಸ್ಪೆಕ್ಟರೇ ಕುಕ್ಕರುಗಾಲಿನಲ್ಲಿ ಕೂತು ಹಗ್ಗ ಬಿಚ್ಚಿದರು. ಕೌದಿ ಸರಿಸಿ, ಮುಚ್ಚಳ ತೆಗೆದು, ಹತ್ತಿ ಬಿಡಿಸಿದಾಗ ಬಿಸಿಲಿಗೆ ಗಾಜು ಹೊಳೆಯಿತು. ಒಂದು ಗೀರೂ ಬಿದ್ದಿರಲಿಲ್ಲ. ಒಳಗೆ ತಿಳಿಯಾದ ನೀರು, ಮೇಲೆ ಬರಿದಾದ ಜಾಗ. ತಂತಿ, ಪುಡಿ ಏನೊಂದೂ ಇಲ್ಲ. ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ತೋರಿಸಲೇ ಎಂದು ಇಮಾಮ್ ಸಾಬರು ಕೇಳಿದರು. ಅವರು ತಲೆಯಾಡಿಸಿದರು. ಇವರು ಸೆಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತುಸು ಓರೆ ಮಾಡಿದರು. ಟಕ್ ಎಂದದ್ದೇ ತಡ, ಬದುವಿನ ಮೇಲಿನ ಜನ ದಿಕ್ಕಾಪಾಲಾಗಿ ಓಡಿದರು. ಸಬ್ ಇನ್‌ಸ್ಪೆಕ್ಟರು ಹಿಂದಕ್ಕೆ ಬಿದ್ದು, ಕೂತಲ್ಲೇ ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಗಾಜು ಹಾಗೇ ಇತ್ತು.

"ಬರೀ ನೀರೇನಯ್ಯಾ?"

"ನೀರೇ ಸಾರ್. ಕಾವೇರಿ ನೀರು."

ಸಬ್ ಇನ್‌ಸ್ಪೆಕ್ಟರು ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡು, ಯಾರಿಗೂ ಇದು ಕಾವೇರಿ ನೀರು ಅಂತ ಹೇಳಬೇಡ, ಇವತ್ತಂತೂ ಬೇಡ ಎಂದರು.

ಬಸ್ಸಿನವರು ಇವರನ್ನು ಮತ್ತೆ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ತಿಮ್ಮರಾಜು ಟಿಕೆಟಿನ ದುಡ್ಡು ವಾಪಸು ಕೊಟ್ಟ, ಮುಖ ನೋಡಲಿಲ್ಲ. ಪೊಲೀಸ್ ಜೀಪಿನಲ್ಲೇ ನಾಗಮಂಗಲಕ್ಕೆ ಹೋದರು. ಸಬ್ ಇನ್‌ಸ್ಪೆಕ್ಟರು ಬೆಂಗಳೂರಿನ ಬಸ್ಸಿಗೆ ಹತ್ತಿಸಿ, ಚಾಲಕನ ಹಿಂದಿನ ಸೀಟಿನಲ್ಲಿ ಕೂರಿಸಿ, ಕಂಡಕ್ಟರಿಗೆ ಏನೋ ಹೇಳಿ ಹೋದರು. ದಾರಿಯುದ್ದಕ್ಕೂ ಪ್ರತಿ ಹಳ್ಳಕ್ಕೂ ಇಮಾಮ್ ಸಾಬರು ಜೋರಾಗಿ ಕೆಮ್ಮುತ್ತಿದ್ದರು, ಸದ್ದು ಮುಚ್ಚಲಿ ಎಂದು. ಬೆಂಗಳೂರು ಮುಟ್ಟಿದಾಗ ದನಿ ಬಿದ್ದುಹೋಗಿತ್ತು.

ಸಭೆ ನಡೆದ ಕಟ್ಟಡದ ಬಾಗಿಲಲ್ಲಿ ಜಯಲಕ್ಷ್ಮಮ್ಮ ನಿಂತಿದ್ದರು. ಹರಿದ ಅಂಗಿ, ಹೆಗಲ ಮೇಲಿನ ರಕ್ತ ಕಂಡು ಓಡಿಬಂದರು. ಇಮಾಮ್ ಸಾಬರು ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು, ಒಡೆದಿಲ್ಲ ಮೇಡಂ ಎಂದರು. ಆಕೆ ಅದನ್ನು ಮೂಲೆಯಲ್ಲಿಟ್ಟು, ತಿರುಗಿಯೂ ನೋಡದೆ, ಇವರನ್ನು ಕೂರಿಸಿ ಗಾಯ ತೊಳೆದರು. ತಂದುಕೊಡಿ ಎಂದು ನಾನು ಕೇಳಬಾರದಿತ್ತು ಎಂದು ಹಲವು ಸಲ ಹೇಳಿದರು. ದೆಹಲಿಯವರು ಸಂಜೆಯ ರೈಲಿಗೆ ಸೆಲ್ಲನ್ನು ಒಯ್ದರು.

ಊರಿಗೆ ಬಂದ ಮೇಲೆ ಇಮಾಮ್ ಸಾಬರಿಗೆ ಜ್ವರ ಹತ್ತಿತು. ಅದು ಇಳಿಯಿತು, ನಡುಕ ಇಳಿಯಲಿಲ್ಲ. ಉರಿಯ ಮುಂದೆ ಕೂತರೆ ಕೊಳವೆ ಹಿಡಿದ ಬೆರಳು ಅದುರುತ್ತಿತ್ತು. ಗಾಜು ಒಂದು ಕಡೆ ಜೋತುಬೀಳುತ್ತಿತ್ತು. ಅಷ್ಟರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಗಲಭೆ ಎದ್ದು, ಸತ್ತವರ ಸುದ್ದಿ ಬರತೊಡಗಿತ್ತು. ಅದನ್ನು ಕೇಳಿದಾಗಲೆಲ್ಲ ಇವರು ಬಾಗಿಲಿಗೆ ಚಿಲಕ ಹಾಕಿಕೊಂಡು ಒಳಗೆ ಕೂರುತ್ತಿದ್ದರು. ಫಕ್ರುನ್ನೀಸಾ ಡಾಕ್ಟರಿಗೆ ತೋರಿಸಿದರು, ದರ್ಗಾಕ್ಕೆ ಕರೆದೊಯ್ದು ತಾಯಿತ ಕಟ್ಟಿಸಿದರು, ಮೆಣಸಿನಕಾಯಿ ನಿವಾಳಿಸಿದರು. ಜಯಲಕ್ಷ್ಮಮ್ಮ ಹಲವು ತಿಂಗಳು ಅವರಿಗೆ ಬರೀ ನೇರ ಕೊಳವೆ ಕತ್ತರಿಸುವ ಕೆಲಸವನ್ನೇ ಕೊಡುತ್ತ ಬಂದರು, ಯಾರಿಗೂ ಕಾರಣ ಹೇಳದೆ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಸಿದ್ದಲಿಂಗಮ್ಮ ಅವರ ಮನೆ ಹುಡುಕಿಕೊಂಡು ಬಂದಳು. ಅರಕೆರೆಯಿಂದ ಬಸ್ಸಿಗೆ ಬಂದವಳು ಗಾಜಿನ ಸಾಬರ ಮನೆ ಯಾವುದೆಂದು ನನ್ನನ್ನೇ ಕೇಳಿದಳು, ನಾನೇ ಕರೆದೊಯ್ದೆ. ಅವಳನ್ನು ಕಂಡು ಇಮಾಮ್ ಸಾಬರು ಗೋಡೆಗೆ ಸರಿದು ನಿಂತರು. ಮುದುಕಿ ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತಳು. ಮಗಳಿಗೆ ಗಂಡು ಮಗು, ಚೆನ್ನಾಗಿದೆ ಎಂದಳು. ಆಮೇಲೆ ನೆಲ ನೋಡುತ್ತ ಹೇಳಿದಳು:

"ನಾನು ಕೇಳ್ದೆ ಇದ್ದಿದ್ರೆ ಏನೂ ಆಯ್ತಿರ್ನಿಲ್ಲ ಕಣಪ್ಪ. ಅವತ್ತಿಂದ ನಂಗೂ ಗಡಿಯಾರದ ಸದ್ದಾದ್ರೆ ಎದೆ ಒಡ್ಕತದೆ. ಮನೇಲಿ ಗಡಿಯಾರನೇ ತಗ್ಸಿಬುಟ್ಟಿವ್ನಿ."

ಇಮಾಮ್ ಸಾಬರು ಹೊರಗೆ ಬಂದು, ಅವಳಿಂದ ಒಂದು ಮಾರು ದೂರದಲ್ಲಿ ಅದೇ ಜಗಲಿಯ ಮೇಲೆ ಕೂತರು. ಫಕ್ರುನ್ನೀಸಾ ಟೀ ತಂದರು. ಮುದುಕಿ ಲೋಟ ಹಿಡಿದ ಕೈಯೂ ಸಣ್ಣಗೆ ಅದುರುತ್ತಿತ್ತು. ಇಬ್ಬರೂ ಅದನ್ನು ಕಂಡರು, ಇಬ್ಬರೂ ಕಾಣದವರಂತೆ ಕುಡಿದರು. ಅವಳು ಮತ್ತೆಂದೂ ಬರಲಿಲ್ಲ.

ನಡುಕ ಯಾವ ದಿನ ನಿಂತಿತೆಂದು ಹೇಳಲು ಬರುವುದಿಲ್ಲ. ಕೆಲಸ ಮಾಡುತ್ತ ಮಾಡುತ್ತ ಕಡಿಮೆಯಾಯಿತು. ತೊಂಬತ್ಮೂರರ ಹೊತ್ತಿಗೆ ಇಮಾಮ್ ಸಾಬರು ಮತ್ತೆ ಸೆಲ್ಲು ಮುಚ್ಚಿದರು; ಓರೆ ಮಾಡಿ ಸದ್ದು ಕೇಳುವ ಕೆಲಸವನ್ನು ಮಾತ್ರ ಜಯಲಕ್ಷ್ಮಮ್ಮನವರಿಗೆ ಬಿಟ್ಟು ತಾವು ಹೊರಗೆ ಹೋಗಿರುತ್ತಿದ್ದರು. ಕೆ.ಆರ್. ಪೇಟೆಗೆ ಹೆಂಡತಿಯ ತವರಿಗೆ ಹೋಗುವಾಗ ಬಸ್ಸಿನಲ್ಲಿ ಅವರ ಕೈಯಲ್ಲಿ ಒಂದು ಚೀಲವೂ ಇರುತ್ತಿರಲಿಲ್ಲ. ಎಲ್ಲವನ್ನೂ ಫಕ್ರುನ್ನೀಸಾ ಹೊರಬೇಕು.

ದೆಹಲಿಯಿಂದ ಬಂದ ಫಲಿತಾಂಶ ಸಣ್ಣದು. ಕಾವೇರಿಯ ನೀರಿನ ಗುರುತು ಹೊರದೇಶದ ಸೆಲ್ಲುಗಳಿಗಿಂತ ಒಂದು ಡಿಗ್ರಿಯ ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಕೆಳಗಿತ್ತು. ಅಷ್ಟೇ ವ್ಯತ್ಯಾಸಕ್ಕಾ ಎಂದು ನಾನು ಕೇಳಿದ್ದಕ್ಕೆ ಇಮಾಮ್ ಸಾಬರು, ಇದೆ ಅಂತ ಗೊತ್ತಾಯಿತಲ್ಲ ಎಂದರು.

ತೊಂಬತ್ತೆಂಟರಲ್ಲಿ ಜಯಲಕ್ಷ್ಮಮ್ಮ ನಿವೃತ್ತರಾದರು. ಕೊನೆಯ ವಾರ ಅವರು ಇಮಾಮ್ ಸಾಬರನ್ನು ಕರೆದು ಕೂರಿಸಿಕೊಂಡು ಮಾತಾಡಿದರಂತೆ. ಹೊರದೇಶಗಳಲ್ಲಿ ಕೆಲವರು ಗುಂಡನೆಯ ಲೋಹದ ಪಾತ್ರೆಯಲ್ಲಿ ಅನಿಲ ತುಂಬಿ, ಅದರೊಳಗೆ ಶಬ್ದ ಎಷ್ಟು ವೇಗವಾಗಿ ಓಡುತ್ತದೆಂದು ಅಳೆದು, ಅದರಿಂದ ಉಷ್ಣತೆಯನ್ನು ಲೆಕ್ಕ ಹಾಕುತ್ತಿದ್ದಾರೆ. ಆ ಅಳತೆ ಸಾಕಷ್ಟು ನಿಖರವಾದ ದಿನ ಉಷ್ಣತೆಯ ಮಾನಕ್ಕೆ ನೀರಿನ ಆಸರೆ ಬೇಕಾಗುವುದಿಲ್ಲ. ಯಾವ ಸೀಮೆಯ ನೀರು ಎಂಬ ಪ್ರಶ್ನೆಯೂ ಇರುವುದಿಲ್ಲ, ಒಂದು ಸಂಖ್ಯೆಯ ಮೇಲೆ ಎಲ್ಲ ನಿಲ್ಲುತ್ತದೆ. ನಾವು ಪಟ್ಟ ಪಾಡು ಆಗ ಹಳೆಯ ಕತೆಯಾಗುತ್ತದೆ ಇಮಾಮ್, ಬೇಸರವೇ ಎಂದು ಆಕೆ ಕೇಳಿದರು.

"ಒಳ್ಳೇದಾಯ್ತು ಬುಡಿ ಮೇಡಂ. ಸಂಖ್ಯೆನ ಯಾರೂ ಬಸ್ನಲ್ಲಿ ಒತ್ಕಂಡು ಓಗ್ಬೇಕಿಲ್ಲ" ಎಂದರು ಇವರು.

ಜಯಲಕ್ಷ್ಮಮ್ಮ ನಕ್ಕರು. ಇಮಾಮ್ ಸಾಬರು ನಗುತ್ತಿಲ್ಲ ಎಂದು ಆಮೇಲೆ ಗಮನಿಸಿ ನಗು ನಿಲ್ಲಿಸಿದರು. ಐದೂವರೆಯ ಬಸ್ಸಿಗೆ ಹೊತ್ತಾಯಿತೆಂದು ಇಮಾಮ್ ಸಾಬರು ಎದ್ದರು.